ಅವ್ವನಿಗೆ ಒಂದು ಚಮಚ ಪಾಚಿ

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬೈಲಹೊಂಗಲದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಪುರಾವೆ ಇಲ್ಲದ್ದನ್ನು ಒಪ್ಪಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ, ಕೊನೆಗೆ ನನ್ನ ತಲೆಯೊಳಗಿನದಕ್ಕೂ ಪುರಾವೆ ಕೇಳುವ ಚಟ ಹತ್ತಿತು. ನಾನು ಬೆಳೆದ ಪಾಚಿಯನ್ನು ಅವ್ವ ತಿಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ತಿನ್ನಲೇ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ಸಿರಸಂಗಿಯ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅವ್ವ ಸೊರಗತೊಡಗಿದ್ದಳು. ಬೇಳೆ, ಹಾಲು ಯಾವುದೂ ಒಗ್ಗುತ್ತಿರಲಿಲ್ಲ. "ಪ್ರೋಟೀನು ಹೊಟ್ಟಿಗೆ ಹೋಗಬೇಕ್ರಿ, ಹ್ಯಾಂಗರ ಮಾಡ್ರಿ" ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿಲ್ಲ. ಆದರೆ ಹಿತ್ತಿಲಲ್ಲಿ ಗೋಬರ್ ಗ್ಯಾಸ್ ಇತ್ತು. ಅದರಿಂದ ಹೊರಬೀಳುವ ಸಗಣಿನೀರನ್ನು ಸೋಸಿ, ಕುದಿಸಿ, ಸೋಡಾ ಬೆರೆಸಿ ತೊಟ್ಟಿಗೆ ಹಾಕಿ, ಹೆಪ್ಪಿನಂತೆ ಒಂದಿಷ್ಟು ಮೂಲಪಾಚಿ ಬಿಟ್ಟರೆ ಸ್ಪಿರುಲಿನಾ ಎಂಬ ಪಾಚಿ ಬೆಳೆಯುತ್ತದೆ, ಅದರಲ್ಲಿ ಬೇಳೆಗಿಂತ ಹೆಚ್ಚು ಪ್ರೋಟೀನಿದೆ ಎಂದು ಓದಿದ್ದೆ. ಬೆಳೆದೇಬಿಟ್ಟೆ. ಹೊತ್ತುಹೊತ್ತಿಗೆ ಕೋಲಿನಿಂದ ಕದಡಿದೆ, ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸೋಸಿದೆ, ನೆರಳಲ್ಲಿ ಒಣಗಿಸಿ ಪುಡಿ ಮಾಡಿದೆ. ಪಕ್ಕದ ಮನೆಯ ಬಸಪ್ಪ ಗೋಡೆಯ ಮೇಲಿಂದ ಇಣುಕಿ, "ಸರ, ತೊಟ್ಟಿ ತಿಕ್ಕಾಕ ಆಳು ಸಿಗವಲ್ಲರೇನ್ರಿ? ನಮ್ಮಾಕಿನ್ನ ಕಳಸ್ತೇನಿ ತಗೋರಿ" ಎಂದ.

ಅಗಸಿ, ಗುರೆಳ್ಳು, ಶೇಂಗಾ ಚಟ್ನಿಪುಡಿಗಳ ಸಾಲಿನಲ್ಲಿ ನನ್ನ ಹಸಿರು ಡಬ್ಬಿಯೂ ಕುಳಿತಿತು.

"ಇದು ಎದರಾಗಿಂದ ಬಂತಪಾ?" ಎಂದಳು ಅವ್ವ.

"ಸಗಣ್ಯಾಗಿಂದ. ನೀ ದಿನಾ ಹಚ್ಚಿಕೊಳ್ಳೋ ವಿಭೂತಿನೂ ಸಗಣೀದ ಅಲ್ಲೇನವ್ವಾ?"

"ಹೌದು. ಅದನ್ನ ಹಣಿಗೆ ಹಚ್ಚತೇವಿ, ಬಾಯಾಗ ಹಾಕ್ಕೊಳ್ಳೂದಿಲ್ಲ." ಆಮೇಲೆ ನನ್ನ ಮುಖ ನೋಡಿದಳು. "ನೀ ತಿಂತಿಯೇನು?"

"ದಿನಾ ತಿಂತೇನಿ."

"ಹಂಗಾರ ನಾನೂ ತಿಂತೇನಿ ತಗೋ."

ಬೆಳಿಗ್ಗೆ ಅವಳ ತಾಟಿನ ಅಂಚಿಗೆ ಒಂದು ಚಮಚ ಹಾಕಿ ಬಸ್ಸಿಗೆ ಓಡುತ್ತಿದ್ದೆ. ಸಂಜೆ ಕೇಳಿದರೆ, "ತಿಂದೆ, ಚಲೋ ಐತಿ" ಎನ್ನುತ್ತಿದ್ದಳು. "ರುಚಿ ಹಿಡಿಸಿದೆ" ಎಂದು ನಾನು ಟಿಪ್ಪಣಿ ಬರೆದುಕೊಂಡೆ. ಅವ್ವ ಮಾತ್ರ ಸೊರಗುತ್ತಲೇ ಹೋದಳು. ಗೋದಲಿಯ ಎಮ್ಮೆಕರು ದುಂಡಗಾಯಿತು. ಅದರ ತುಟಿ ಹಸಿರಾಗಿದ್ದುದನ್ನೂ ಕಂಡಿದ್ದೆ, ಹುಲ್ಲು ಮೇದಿರಬೇಕು ಎಂದುಕೊಂಡೆ. ಆ ಸುಡುಬೇಸಿಗೆಯಲ್ಲಿ ನಮ್ಮೂರಿನಲ್ಲಿ ಹಸಿರು ಹುಲ್ಲು ಎಲ್ಲಿಯದು ಎಂಬುದು ಸಸ್ಯಶಾಸ್ತ್ರದ ಮೇಷ್ಟ್ರಿಗೆ ಹೊಳೆಯಲಿಲ್ಲ.

ಮುಂಗಾರಿಗೆ ಮೊದಲೇ ಅವ್ವ ಹೋದಳು. ಕಾರ್ಯವೆಲ್ಲ ಮುಗಿದ ಮೇಲೆ ಶಾಂತಾ ಹೇಳಿದಳು: "ಅತ್ತಿ ಅದನ್ನ ರೊಟ್ಟಿ ತುಣುಕಿನಾಗ ಸುತ್ತಿ ಕರುವಿಗೆ ತಿನಸ್ತಿದ್ರು. ಅಂವ ಕಷ್ಟಪಟ್ಟ ಬೆಳದಾನ, ಚೆಲ್ಲಬಾರದು, ಅವಗ ಹೇಳಬ್ಯಾಡ ಅಂದಿದ್ರು."

ಅವತ್ತು ಮೊದಲ ಸಲ ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಬತ್ತಿದ ಕೆರೆಯ ತಳ ನೆಕ್ಕಿದಂತಾಯಿತು. ಉಗುಳಿದೆ. ದಿನಾ ತಿನ್ನುತ್ತೇನೆ ಎಂದವನು ಒಂದು ದಿನವಾದರೂ ತಿಂದಿದ್ದರೆ, "ಚಲೋ ಐತಿ" ಎಂಬ ಮಾತು ಕೇಳಿದೊಡನೆ ಅವ್ವ ತಿಂದಿಲ್ಲವೆಂದು ತಿಳಿಯುತ್ತಿತ್ತು. ಬೇರೆ ಪುರಾವೆಯೇ ಬೇಕಿರಲಿಲ್ಲ.

ಆದರೂ ಒಂದು ಬೆಳಿಗ್ಗೆ, ನನ್ನ ಬಸ್ಸು ತಪ್ಪಿದ ದಿನ, ಅವ್ವ ನನ್ನೆದುರೇ ಅದನ್ನು ರೊಟ್ಟಿಗೆ ಹಚ್ಚಿಕೊಂಡು ಮುಖ ಕಿವಿಚದೆ ನುಂಗಿದಳು. ಹಾಗೆಂದು ನೆನಪು. ಬಸ್ಸು ತಪ್ಪಿದ್ದು ನಿಜವೇ ಎಂದು ಶಾಂತಾಳನ್ನು ಕೇಳಬಹುದು. ಕೇಳಿಲ್ಲ.