ದೊರೆಯ ಮರಿಮಗನಿಗೆ ಕೆಂಪು ಚೀಟಿ

ನಮ್ಮ ಕಾಲೇಜು ಗ್ರಂಥಾಲಯದ ಕೌಂಟರಿನ ಮೇಲೆ ನಾನೇ ಬರೆಸಿ ಹಾಕಿದ ನಿಯಮ ಒಂದೇ: ಇಲ್ಲಿ ಪುಸ್ತಕದ ವಿಚಾರ ಮಾತ್ರ ಮಾತಾಡಬೇಕು. ಗ್ರಂಥಪಾಲಕನಾಗಿ ನಾನು ಕಂಡಂತೆ, ಅದನ್ನು ಮುರಿಯದವರಿಲ್ಲ. ಮೇಷ್ಟ್ರುಗಳೇ ಮೊದಲು.

೧. ಮನೆತನ

ಕುಶಾಲನಗರದಿಂದ ಹೊಸದಾಗಿ ಬಂದ ಉಪನ್ಯಾಸಕರು ಪುಸ್ತಕ ಹಿಂತಿರುಗಿಸುತ್ತಾ ನನ್ನ ಬೆಕ್ಕಿನ ಕಣ್ಣನ್ನೇ ನೋಡಿದರು.

"ಸಾರ್, ನಿಮ್ಮದು ಯಾವ ಮನೆತನ?"

ಕೊಡಗಿನಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. "ಅಮ್ಮ ಭಾಗಮಂಡಲದ ಕಡೆಯ ಅರೆಭಾಷೆಯವರು. ಅಪ್ಪನ ಅಜ್ಜ ಎಸ್ಟೇಟಿನ ಬಿಳಿ ದೊರೆ, ಅಜ್ಜಿ ಅಲ್ಲಿನದೇ ಕೂಲಿಯಾಳುಗಳ ಲೈನ್‌ಮನೆಯವರು."

"ಓಹೋ! ಹಾಗಾದ್ರೆ ಇಂಗ್ಲಿಷ್ ಕ್ಲಾಸಿಗೆ ಬೇರೆ ಜನ ಹುಡುಕೋದೇ ಬೇಡ!"

ಮರುವಾರ ವೇಳಾಪಟ್ಟಿಯಲ್ಲಿ, ಗ್ರಂಥಾಲಯ ಬಳಕೆಯ ನನ್ನ ಪಾಠಗಳ ಜೊತೆಗೆ ಇಂಗ್ಲಿಷೂ ಸೇರಿತ್ತು. ದೊರೆ ನಮ್ಮ ಕುಟುಂಬಕ್ಕೆ ಬಿಟ್ಟುಹೋದ ಆಸ್ತಿ ಇದೊಂದೇ.

೨. ಫೋಟೋ

ಕಾಲೇಜು ದಿನದಂದು ಗ್ರಂಥಾಲಯದಲ್ಲೇ ಫೋಟೋ. ಸೋದರಮಾವನ ಕುಪ್ಪಸ, ಅಂದರೆ ಕೊಡಗಿನ ಗಂಡಸರ ಕರಿ ನಿಲುವಂಗಿ, ತೊಟ್ಟು ನಾನೂ ಸಾಲಿನಲ್ಲಿ ನಿಂತೆ. ಅದೇ ಉಪನ್ಯಾಸಕರು, "ಸಾರ್, ಸ್ವಲ್ಪ ಈಚೆ ಬನ್ನಿ. ಇದು ನಮ್ಮ ಕೊಡಗಿನವರ ಫೋಟೋ" ಎಂದರು. ಈಚೆ ಬಂದೆ. ಅಷ್ಟರಲ್ಲಿ ವಿದೇಶಿ ಅತಿಥಿಯೊಬ್ಬರು ಬಂದರು. ಇವರೇ ನನ್ನನ್ನು ಎಳೆದು ಅವರ ಪಕ್ಕಕ್ಕೆ ನಿಲ್ಲಿಸಿದರು. ಅತಿಥಿ ನನ್ನ ಕೈಕುಲುಕಿ, ಕನಿಕರದಿಂದ ಕೇಳಿದರು: "ನಿಮಗೆ ಇಲ್ಲಿನ ಊಟ ಒಗ್ಗಿತೇ?"

೩. ರೆಸ್ಟ್

ದಿನವಿಡೀ ಕೌಂಟರು, ಅದರ ಮೇಲೆ ಪಾಠ. ಮೊದಲು ನಿದ್ದೆ ಹೋಯಿತು, ಆಮೇಲೆ ಸ್ವರ. ಪುಸ್ತಕದ ಹೆಸರು ಎರಡೆರಡು ಸಲ ಓದಿದರೂ ತಲೆಗೆ ಇಳಿಯುತ್ತಿರಲಿಲ್ಲ. ಡಾಕ್ಟರು, "ಪಾಠ ನಿಲ್ಲಿಸದಿದ್ದರೆ ಸ್ವರದ ಆಸೆ ಬಿಡಿ" ಎಂದರು. ಪ್ರಾಂಶುಪಾಲರ ಬಳಿ ಪಿಸುದನಿಯಲ್ಲಿ ರಜೆ ಕೇಳಿದೆ.

"ರಜೆ ಯಾಕ್ರೀ? ಲೈಬ್ರರೀಲಿ ಕೂತಿರೋದೇ ರೆಸ್ಟ್ ಅಲ್ವಾ?"

೪. ಕೌಂಟರು

ಮರುದಿನ ಇಂಗ್ಲಿಷ್ ಕ್ಲಾಸಿಗೆ ನನ್ನನ್ನು ಕರೆದೊಯ್ಯಲು ಪ್ರಾಂಶುಪಾಲರೇ ಬಂದರು. ನಾನು ಅಭ್ಯಾಸಬಲದಿಂದ ಎದ್ದೆ. ಕೌಂಟರಿನಲ್ಲಿ ನನ್ನ ಸಹಾಯಕಿ ಇದ್ದರು. ನಾಪೋಕ್ಲಿನವರು, ವರ್ಷಗಟ್ಟಲೆ ಜೊತೆಗಿದ್ದೂ ನನ್ನ ಮನೆತನ ಕೇಳಿದವರಲ್ಲ.

"ಯಾವ ಪುಸ್ತಕ ಬೇಕಿತ್ತು ಸಾರ್?"

"ಪುಸ್ತಕ ಅಲ್ಲಮ್ಮ, ಇವರು ಬೇಕು."

ಆಕೆ ತಲೆಯ ಮೇಲಿನ ಬೋರ್ಡು ತೋರಿಸಿದರು. "ಇಲ್ಲಿ ಪುಸ್ತಕದ ವಿಚಾರ ಮಾತ್ರ ಸಾರ್."

"ಸರಿ, ಇವರೂ ಒಂದು ಪುಸ್ತಕ ಅಂದ್ಕೊಳ್ಳಿ. ಒಂದು ಗಂಟೆ ಕೊಡಿ, ವಾಪಸ್ ತಂದುಬಿಡ್ತೀನಿ."

ಆಕೆ ನಗಲಿಲ್ಲ. ಡ್ರಾಯರ್ ಎಳೆದು, ಹೊರಗೆ ಕೊಡಬಾರದ ನಿಘಂಟುಗಳಿಗೆ ಹಚ್ಚುವ ಕೆಂಪು ಚೀಟಿಯೊಂದನ್ನು ತೆಗೆದು, ಅಂಚು ಮಡಚದಂತೆ ನೀಟಾಗಿ ನನ್ನ ಕೋಟಿನ ಜೇಬಿಗೆ ಅಂಟಿಸಿದರು.