ಗೇರ್ ಬಾಕ್ಸಿನ ನಾಡಿ ಹಿಡಿಯುವ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರು ಹೇಳುವ ಯಾವ ಮಾತಿನ ಮೇಲೂ ನಂಬಿಕೆಯಿಲ್ಲ. ಗೇರ್ ಬಾಕ್ಸು ಹೇಳಿದರೆ ಮಾತ್ರ ನಂಬುತ್ತಾರೆ! ಇದನ್ನು ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ತಮಾಷೆ ಮಾಡುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ವಾರವಿಡೀ ಹಾಸನದ ಹೈಸ್ಕೂಲೊಂದರಲ್ಲಿ ಎಂಟನೇ ಕ್ಲಾಸಿನವರ ಮುಂದೆ ಗಂಟಲು ಹರಿದುಕೊಂಡು, ಭಾನುವಾರವಾದರೂ ಕಾಲು ಚಾಚಿ ಬಿದ್ದುಕೊಳ್ಳೋಣ ಎಂದರೆ ಹೊಳೆನರಸೀಪುರದಿಂದ ಮಾವನ ಫೋನು ಬಂದೇ ಬರುತ್ತದೆ.

"ಲೇ, ಬತ್ತೀಯೇನ್ಲಾ? ಸೆಕೆಂಡ್ ಗೇರು ಯಾಕೋ ನರಳ್ತಾ ಐತೆ."

ನರಳುತ್ತಿರುವುದು ನಾನು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಮಾವ ಪಶುವೈದ್ಯ ಇಲಾಖೆಯಲ್ಲಿ ದುಡಿದು ರಿಟೈರಾದವರು. ಕಟ್ಟಾಯದ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಅವರು 'ದನದ ಡಾಕ್ಟ್ರು'. ಆ ಕೆಲಸದಿಂದ ಅವರು ಕಲಿತ ದೊಡ್ಡ ಪಾಠವೇನೆಂದರೆ, ದನ ಸುಳ್ಳು ಹೇಳುವುದಿಲ್ಲ, ದನದ ಯಜಮಾನ ಹೇಳುತ್ತಾನೆ. "ಏನು ತಿನ್ಸಿದ್ದೆ?" ಎಂದರೆ "ಉಲ್ಲು ಬುಟ್ರೆ ಇನ್ನೇನಿಲ್ಲ ಸಾ" ಅನ್ನುತ್ತಾನಂತೆ. ಹಸುವಿನ ಹೊಟ್ಟೆ ನೋಡಿದರೆ ಹಬ್ಬದಲ್ಲಿ ಉಳಿದ ಪಾಯಸವೆಲ್ಲ ಒಳಗೆ! ಪಾಪ, ಮೂಕಪ್ರಾಣಿ. ಹಾಗಾಗಿ ಒತ್ತಿ ನೋಡು, ಮೂಸಿ ನೋಡು, ಕಿವಿಗೊಟ್ಟು ಕೇಳು, ಯಜಮಾನನನ್ನು ಮಾತ್ರ ಕೇಳಬೇಡ. ರಿಟೈರಾದ ಮೇಲೆ ಇಷ್ಟೂ ವಿದ್ಯೆಯನ್ನು ಅವರು ಕಾರುಗಳ ಮೇಲೆ ತಿರುಗಿಸಿದರು. ಬೋನೆಟ್ ಎತ್ತಿ, ಹಳೆಯ ಸ್ಟೆತಾಸ್ಕೋಪನ್ನು ಗೇರ್ ಬಾಕ್ಸಿನ ಮೇಲಿಟ್ಟು, ಕಣ್ಣು ಮುಚ್ಚಿ ನಿಂತರೆಂದರೆ ಬೀದಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸುತ್ತಿದ್ದರು.

"ಕ್ಲಚ್ ಒತ್ತಿದಾಗ ಸದ್ದು ಬಂದ್ರೆ ಬೇರಿಂಗ್ ಓಗೈತೆ ಅಂತ. ಒತ್ತಿದಾಗ ಸದ್ದು ನಿಂತ್ರೆ ಗೇರ್ ಬಾಕ್ಸಲ್ಲೇ ಏನೋ ಐತೆ ಅಂತ. ದನಾನೂ ಅಷ್ಟೇ ಕಣ್ಲಾ, ಒತ್ತಿ ನೋಡ್ಬೇಕು" ಎಂದು ನನಗೆ ಬೋಧನೆ. ಒತ್ತುವವನು ಯಾರು? ನಾನೇ! ಊರವರ ಕಾರುಗಳಲ್ಲಿ ನಾನು ಕೂತು "ಒತ್ತು, ಬಿಡು, ಒತ್ತು" ಎಂಬ ಅಪ್ಪಣೆಗೆ ಕಾಲಾಡಿಸಬೇಕು. ಮಾವ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿರುತ್ತಾರೆ. ಹೆಂಡತಿ ಕೇಳುತ್ತಾಳೆ, "ನಿಮ್ಮ ಎಡಗಾಲು ಮಾತ್ರ ಯಾಕ್ರೀ ಊದ್ಕೊಂಡಿದೆ?" ಏನೆಂದು ಹೇಳುವುದು?

ಚನ್ನರಾಯಪಟ್ಟಣದ ಒಂದು ಮದುವೆಯಲ್ಲಂತೂ ಮಾನ ಹೋಯಿತು. ಗಂಡು ಬರುವ ಕಾರು, ಹೂವಿನ ಅಲಂಕಾರ ಮಾಡಿಕೊಂಡು ಛತ್ರದ ಮುಂದೆ ಬಂದು ನಿಂತಿದೆ. ವಾಲಗದವರು ಶುರುಮಾಡಿದ್ದಾರೆ. ಮಾವ ಮೂಗರಳಿಸಿದರು.

"ಸುಟ್ಟ ವಾಸ್ನೆ."

"ಅಡುಗೆಮನೇದಿರಬೇಕು ಮಾವ, ಒಳಗೆ ಬನ್ನಿ" ಎಂದು ನಾನು ಕೈ ಹಿಡಿದು ಎಳೆದೆ. ಎಲ್ಲಿ ಬರುತ್ತಾರೆ! ಡ್ರೈವರನ ಹತ್ತಿರ ಹೋಗಿ, "ಕ್ಲಚ್ ಮೇಲೆ ಯಾವಾಗ್ಲೂ ಕಾಲಿಟ್ಕೊಂಡೇ ಓಡುಸ್ತೀಯಾ?" ಎಂದರು. ಅವನು, "ಇಲ್ಲ ಸಾ, ನಾನು ಆ ಅಭ್ಯಾಸವೇ ಇಟ್ಕಂಡಿಲ್ಲ" ಎಂದ. "ಎಡಗಾಲು ಚಪ್ಪಲಿ ತೋರ್ಸು" ಎಂದರು ಮಾವ. ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಎರಡರಷ್ಟು ಸವೆದಿತ್ತು! ಆಮೇಲೆ ಹ್ಯಾಂಡ್ ಬ್ರೇಕ್ ಎಳೆಸಿದರು, ಮೂರನೇ ಗೇರ್ ಹಾಕಿಸಿದರು, ಕ್ಲಚ್ ಬಿಡಿಸಿದರು. ಕ್ಲಚ್ ಪ್ಲೇಟು ಸರಿಯಿದ್ದರೆ ಎಂಜಿನ್ ಜರ್ಕು ಹೊಡೆದು ಆಫ್ ಆಗಬೇಕು. ಆಗಲಿಲ್ಲ. ಗಾಡಿಯೂ ಕದಲಲಿಲ್ಲ. ಎಂಜಿನ್ ಮಾತ್ರ ತನ್ನ ಪಾಡಿಗೆ ಗುರ್ ಅನ್ನುತ್ತಿತ್ತು. "ನೋಡುದ್ರಾ, ಪ್ಲೇಟು ಒಂಟೋಗೈತೆ" ಎಂದು ಮಾವ ತೀರ್ಪು ಕೊಟ್ಟರು. ಇಷ್ಟೂ ಹೊತ್ತು ಮದುಮಗ ಹಿಂದಿನ ಸೀಟಿನಲ್ಲಿ ಪೇಟ ಹಿಡಿದುಕೊಂಡು ಕೂತೇ ಇದ್ದ!

ಗಂಡಿನ ಕಡೆಯವರು ಜಗಳಕ್ಕೆ ಬರುತ್ತಾರೆಂದು ನಾನು ಹೆದರಿದ್ದೆ. ಅವರೇನು ಮಾಡಿದರು ಗೊತ್ತೇ? ತಮ್ಮ ತಮ್ಮ ಕಾರಿನ ಕೀ ಹಿಡಿದು ಮಾವನ ಸುತ್ತ ನಿಂತರು. ನಾನು ಧಾರೆಯನ್ನೂ ನೋಡಲಿಲ್ಲ, ಊಟಕ್ಕೂ ಕೊನೆಯ ಪಂಕ್ತಿ. ಹೋಳಿಗೆ ಖಾಲಿಯಾಗಿತ್ತು.

ಊರವರ ಕಾರಿನ ಕಥೆ ಇದಾದರೆ ಸ್ವಂತ ಕಾರಿನದು ಬೇರೆಯೇ. ಮಾವನ ಹಳೆಯ ಬಿಳಿ ಕಾರನ್ನು ನಾನು ಒಂದು ದಿನವೂ ಮುಟ್ಟಿದವನಲ್ಲ. "ಆಲು ಕರೆಯೋ ಕೈ ಬದ್ಲಾದ್ರೆ ಅಸ ಒದೀತದೆ ಕಣ್ಲಾ. ಗಾಡೀನೂ ಅಂಗೇ" ಎಂದು ಯಾರನ್ನೂ ಆ ಸೀಟಿನಲ್ಲಿ ಕೂರಿಸುತ್ತಿರಲಿಲ್ಲ. ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲೇ ಓಡಿಸುತ್ತಿದ್ದರು. ಆ ಕಾರಿಗೆ ಒಂದೇ ದೊಡ್ಡ ಜವಾಬ್ದಾರಿ, ನಮ್ಮತ್ತೆ. ಅತ್ತೆಗೆ ಬಸ್ಸು ಆಗುವುದಿಲ್ಲ. ಹತ್ತಿದರೆ ಸಾಕು, ಹೊಟ್ಟೆಯಲ್ಲಿರುವುದೆಲ್ಲ ಆಚೆಗೆ. ಬೇರೆ ಕಾರಿನ ವಾಸನೆಯೂ ಆಗದು. ಅತ್ತೆಯ ಅಕ್ಕ ಅರಕಲಗೂಡಿನಲ್ಲಿ ಹಾಸಿಗೆ ಹಿಡಿದಿದ್ದಾರೆ. ಭಾನುವಾರ ಭಾನುವಾರ ಅತ್ತೆ ಹೋಗಿ ತಲೆಗೆ ಎಣ್ಣೆ ಹಚ್ಚಿ ಬಾಚಿದರೆ ಬಾಚಿಸಿಕೊಳ್ಳುತ್ತಾರೆ. ಸೊಸೆಯರು ಬಾಚಣಿಗೆ ಹಿಡಿದರೆ ಮುಖ ತಿರುಗಿಸುತ್ತಾರೆ. ಕಾರು ನಿಂತರೆ ಆ ಅಕ್ಕತಂಗಿಯರ ಭೇಟಿಯೂ ನಿಂತ ಹಾಗೆಯೇ.

ಅಂಥ ಕಾರಿಗೆ ಹೋದ ವರ್ಷ ಕಾಯಿಲೆ ಬಂತು. "ಕ್ಲಚ್ಚು ಗಟ್ಟಿಯಾಗೋಗೈತೆ" ಎಂದರು ಮಾವ. ಶುರುವಾಯಿತು ನೋಡಿ ನನ್ನ ಗ್ರಹಚಾರ! ಹಾಸನದ ಗ್ಯಾರೇಜಿನಲ್ಲಿ ಕೇಬಲ್ ಬದಲಾಯಿಸಿದರು. ಒಂದೆರಡು ವಾರ ಬಿಟ್ಟು ಮತ್ತೆ ಗಟ್ಟಿ. ಹೊಳೆನರಸೀಪುರದಲ್ಲಿ ಗೇರ್ ಬಾಕ್ಸನ್ನೇ ಇಳಿಸಿ, ಪ್ಲೇಟು, ಬೇರಿಂಗು ಎಲ್ಲ ಹೊಸದು ಹಾಕಿದರು. ಆಗಲೂ ಗಟ್ಟಿ. ಅರಕಲಗೂಡಿನ ಮೆಕ್ಯಾನಿಕ್ಕು ಬಗ್ಗಿ, ಪೆಡಲನ್ನು ಕೈಯಲ್ಲೇ ಒತ್ತಿ ತೋರಿಸಿ, "ಏನಾಗೈತೆ ಸಾ ಇದ್ಕೆ? ಬೆಣ್ಣೆ ಇದ್ದಂಗೈತೆ" ಎಂದ.

"ನೀನು ಗಾಡೀನ ಕೈಯಲ್ಲಿ ಓಡುಸ್ತೀಯೇನ್ಲಾ?" ಎಂದು ಮಾವ ಅವನ ಮೇಲೆ ಹರಿಹಾಯ್ದರು.

ನನಗೋ, ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಈ ಮುದುಕರ ಹಟಕ್ಕೆ ನನ್ನ ಭಾನುವಾರಗಳೆಲ್ಲ ಗ್ರೀಸು ಮೆತ್ತಿಕೊಂಡು ಹಾಳಾಗಿದ್ದವು. ಆದರೂ ಕರೆದಾಗ ಹೋಗದಿರಲು ಆಗುವುದಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸಿದವರು. "ಇವತ್ತು ಅರಕಲಗೂಡಿಗೆ ನಮ್ ಜೊತೆ ಬಾ, ದಾರೀಲಿ ಗೇರು ಏನ್ ಮಾಡ್ತದೆ ಕೇಳುಸ್ಕೊ" ಎಂದಾಗ ಗೊಣಗಿಕೊಂಡೇ ಹಿಂದಿನ ಸೀಟಿನಲ್ಲಿ ಕೂತೆ.

ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ನನಗೊಂದು ವಿಚಿತ್ರ ಕಂಡಿತು. ಹೊರಡುವಾಗ ಹೇಗೋ ಮೂರನೇ ಗೇರಿಗೆ ತಂದದ್ದು ಬಿಟ್ಟರೆ ಮಾವ ಗೇರನ್ನೇ ಬದಲಾಯಿಸುತ್ತಿರಲಿಲ್ಲ. ಹಂಪು ಬರಲಿ, ತಿರುವು ಬರಲಿ, ಎಲ್ಲಕ್ಕೂ ಮೂರನೇ ಗೇರೇ! ಮುಂದೆ ಕೂತ ಅತ್ತೆ ಅರ್ಧ ದೇಹವನ್ನು ಕಿಟಕಿಯಿಂದ ಆಚೆ ಹಾಕಿ ಕೈ ಬೀಸುತ್ತಿದ್ದರು. "ಏಯ್, ಸೈಕಲ್ಲೂ, ಸರ್ಕೊಳಪ್ಪೋ! ಅವ್ವಾ, ಆ ಎಮ್ಮೆ ಇಡ್ಕೊಳೆ!" ಜೋರಾಗಿ ಮಾತಾಡಿದವರೇ ಅಲ್ಲ ನಮ್ಮತ್ತೆ. ಮನೆಗೆ ಬಂದ ಭಿಕ್ಷುಕನನ್ನೂ ಮೆಲ್ಲಗೆ ಕರೆಯುವ ಹೆಂಗಸು. ಅಂಥವರು ರಸ್ತೆ ತುಂಬ ಕೂಗುತ್ತಾ ದಾರಿ ಬಿಡಿಸುತ್ತಿದ್ದಾರೆ.

ಮಧ್ಯೆ ಒಂದು ಅಂಗಡಿಯ ಹತ್ತಿರ ಬಾಳೆಹಣ್ಣು ತರಲು ಮಾವ ಇಳಿದರು. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟು ಇಳಿದರು. ಹೋದದ್ದೂ ಆ ಕಾಲನ್ನು ಎಳೆದುಕೊಂಡೇ. ನಾನು ಅತ್ತೆಯ ಮುಖ ನೋಡಿದೆ.

"ಕ್ಲಚ್ಚಿಗೆ ಏನೂ ಆಗಿಲ್ಲ ಕಣಪ್ಪ" ಎಂದರು ಅತ್ತೆ. "ಅವರ ಕಾಲಲ್ಲಿ ಬಲ ಇಲ್ಲ. ನಂಗೆ ಮೊದ್ಲಿಂದ್ಲೂ ಗೊತ್ತು. ಅವರು ಕ್ಲಚ್ ಒತ್ತೋ ಅಂಗಾಗ್ಬಾರ್ದು ಅಂತ್ಲೇ ದಾರಿ ಬುಡುಸ್ತೀನಿ."

"ಮತ್ತೆ ಹೇಳಬಾರದಿತ್ತಾ ಅತ್ತೆ? ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ."

"ಎಂಗಪ್ಪಾ ಏಳ್ಳಿ? ಅವರಿಗೇ ಗೊತ್ತಿಲ್ದೆ ಇದ್ದಾತಾ? ನಾನು ಬಾಯಿ ಬುಟ್ಟು ಅಂದ್ರೆ ಅವತ್ತೇ ಕೀ ಮೂಲೆಗೆಸೆದು ಕೂತ್ಬುಡ್ತಾರೆ. ಅಕ್ಕನ್ನ ನೋಡೋಕಾಗ್ದಿದ್ರೂ ಸರಿ, ಅವರು ಅಂಗೆ ಕೂತಿರೋದ ನಾನು ನೋಡ್ನಾರೆ."

ಮಾವ ಬಾಳೆಹಣ್ಣು ಹಿಡಿದು ಬಂದರು. ನಾವಿಬ್ಬರೂ ಕಿಟಕಿಯಾಚೆ ನೋಡುತ್ತಾ ಕೂತೆವು.

ಅರಕಲಗೂಡು ಇನ್ನೇನು ಬಂತು ಅನ್ನುವಾಗ ರಸ್ತೆ ತುಂಬ ಕುರಿಗಳು. ಅತ್ತೆ ಕೂಗಿದರು, ಕೈ ಬಡಿದರು. ಕುರಿಗಳಿಗೆ ಎಲ್ಲಿ ಅರ್ಥವಾಗಬೇಕು? ಮಾವ ಬಲಗಾಲಲ್ಲಿ ಬ್ರೇಕು ಒತ್ತಿದರು. ಎಡಗಾಲು ಮೇಲೇಳಲಿಲ್ಲ. ಕಾರು ಗಡಗಡ ನಡುಗಿ, ಒಮ್ಮೆ ಎಗರಿ, ಆಫ್ ಆಯಿತು. ಹಿಂದೆ ಬಸ್ಸಿನವನು ಹಾರನ್ ಒತ್ತತೊಡಗಿದ. ಮಾವ ಕೀ ತಿರುಗಿಸಲಿಲ್ಲ. ಎರಡೂ ಕೈಯಲ್ಲಿ ಎಡ ಮೊಣಕಾಲನ್ನು ಹಿಡಿದುಕೊಂಡು ಪೆಡಲಿನ ಮೇಲೆ ಅದುಮಲು ನೋಡಿದರು. ಆಗಲಿಲ್ಲ. ಕುರಿಗಳೆಲ್ಲ ದಾಟಿಹೋದವು.

"ಕ್ಲಚ್ಚಲ್ಲ ಕಣೇ" ಎಂದರು ಅತ್ತೆಯ ಕಡೆ ನೋಡದೆ. "ನನ್ ಕಾಲು."

ಅತ್ತೆ ತಟ್ಟನೆ, "ಸುಮ್ನಿರಿ. ನಿಮ್ ಕಾಲಿಗೇನಾಗೈತೆ? ಕ್ಲಚ್ಚೇ ಗಟ್ಟಿ. ಆ ಮೆಕ್ಯಾನಿಕ್ ಮುಂಡೇಮಕ್ಳಿಗೆ ಏನೂ ಬರಾಕಿಲ್ಲ" ಎಂದರು. ಜೀವಮಾನದಲ್ಲೇ ಅತ್ತೆಯ ಬಾಯಲ್ಲಿ ಅಂಥ ಮಾತು ಕೇಳಿದವನಲ್ಲ ನಾನು.

ಮಾವ ಇಳಿದರು. ನನಗೆ ಬಾಗಿಲು ಹಿಡಿದು ನಿಂತರು. "ಓಡ್ಸು ಓಗ್ಲಾ. ನಿಮ್ ದೊಡ್ಡತ್ತೆ ಕಾಯ್ತಾ ಇರ್ತಾಳೆ." ಅವರು ಹಿಂದಿನ ಸೀಟಿಗೆ ಹೋದರು, ಅತ್ತೆಯೂ ಇಳಿದು ಹೋಗಿ ಅವರ ಪಕ್ಕದಲ್ಲಿ ಕೂತರು.

ನಾನು ಚಪ್ಪಲಿ ಕಳಚಿ ಸೀಟಿನಲ್ಲಿ ಕೂತು ಕ್ಲಚ್ ಒತ್ತಿದೆ. ಮಗು ಕಾಲಿಟ್ಟರೂ ಇಳಿಯುವಷ್ಟು ಹಗುರವಾಗಿತ್ತು. ನಾನು ಹಲ್ಲು ಕಚ್ಚಿ, ಭುಜ ಎತ್ತಿ, ಉಸಿರು ಬಿಗಿಹಿಡಿದು ಒತ್ತಿದವನ ಹಾಗೆ ಮಾಡಿ, "ಅಬ್ಬಾ! ಎಷ್ಟು ಗಟ್ಟಿ ಮಾವ! ಇಷ್ಟು ದಿನ ಹೆಂಗೆ ಓಡಿಸ್ತಿದ್ರಿ ಇದನ್ನ?" ಎಂದೆ.

ಕನ್ನಡಿಯಲ್ಲಿ ನೋಡಿದೆ. ಅತ್ತೆ ಆ ಎಡಗಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು ಮೆಲ್ಲಗೆ ನೀವುತ್ತಿದ್ದರು. ಮಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು.