ಬೇಕು-ಬೇಡಗಳ ನಡುವೆ ಒಂದು ಕುರ್ಚಿ

ಗಿರಾಕಿಯ ಕತ್ತಿನ ಮೇಲೆ ರೇಜರ್ ಇರುವಾಗ ವಾದಕ್ಕೆ ಇಳಿಯಬಾರದು ಎಂಬುದು ಕ್ಷೌರದಂಗಡಿಯವನಿಗೆ ಅವನ ಅಪ್ಪ ಕಲಿಸಿದ ಮೊದಲ ಪಾಠ. ಕತ್ತರಿ ಹಿಡಿಯುವುದನ್ನು ಕಲಿಸಿದ್ದು ಆಮೇಲೆ. ಕೋಪ ಬಂದವನು ಗಲ್ಲ ಆಡಿಸುತ್ತಾನೆ, ಗಲ್ಲ ಆಡಿದರೆ ರಕ್ತ ಬರುತ್ತದೆ, ರಕ್ತ ಕಂಡ ಗಿರಾಕಿ ಮತ್ತೆ ಬರುವುದಿಲ್ಲ. ಆದ್ದರಿಂದ ಕುರ್ಚಿಯಲ್ಲಿ ಕೂತವರು ಏನೇ ಅನ್ನಲಿ, ಅವನು "ಹೌದು" ಅನ್ನುತ್ತಿದ್ದ. ಇವತ್ತು ಮಳೆ ಬರುತ್ತೆ ಎಂದರೂ ಹೌದು. ಮುಂದಿನವನು ಅದೇ ಕುರ್ಚಿಯಲ್ಲಿ ಕೂತು, ಎಲ್ಲಿಯ ಮಳೆ, ಮೋಡವೇ ಇಲ್ಲ ಎಂದರೂ ಹೌದು. ಊರು ಅವನಿಗೆ 'ಹೌದಪ್ಪ' ಎಂದು ಹೆಸರಿಟ್ಟಿತ್ತು. ನಿಮ್ಮ ಹೆಸರು ಹೌದಪ್ಪನಾ ಎಂದು ಯಾರಾದರೂ ಕೇಳಿದರೆ ಅದಕ್ಕೂ ಹೌದು ಅನ್ನುತ್ತಿದ್ದ.

ಈ ಪಾಠದಿಂದ ಅವನಿಗೆ ಒಳ್ಳೆಯದೇ ಆಗಿತ್ತು, ಊರಿಗೆ ಅಣೆಕಟ್ಟಿನ ಸುದ್ದಿ ಬರುವ ತನಕ.

ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುತ್ತಾರಂತೆ, ಕೆಳಗಿನ ಕಣಿವೆ ಪೂರ್ತಿ ಮುಳುಗುತ್ತದಂತೆ ಎಂದು ತಿಳಿದ ದಿನವೇ ಊರು ಹಣ್ಣು ಹೋಳಾದಂತೆ ಎರಡಾಯಿತು. ಒಂದು ಹೋಳು 'ಬೇಕು', ಇನ್ನೊಂದು 'ಬೇಡ'. ಇಂಥ ಊರಿನಲ್ಲಿ ಬೇಕಿನವರಿಗೂ ಬೇಡದವರಿಗೂ ಕೂದಲು ಮಾತ್ರ ಒಂದೇ ಸಮನೆ ಬೆಳೆಯುತ್ತಿತ್ತು.

ಸರ್ಕಾರದ ಅಧಿಕಾರಿ ಬಂದು ಜನರ ಅಭಿಪ್ರಾಯ ಕೇಳುವ ದಿನ ಬೆಳಗ್ಗೆಯೇ ಕುರ್ಚಿಯಲ್ಲಿ ಕೂತವರು ಕಟ್ಟಡದ ಓನರು. ಕೆಳಗೆ ಹೌದಪ್ಪನ ಅಂಗಡಿ, ಅದರ ಹಿಂದೆ ಒಂದು ಪರದೆಯಾಚೆ ಅವನ ಮನೆ, ಮೇಲೆ ಓನರು ಹೊಸದಾಗಿ ಎಬ್ಬಿಸಿದ ಎರಡು ಮಹಡಿಯ ಲಾಡ್ಜು. ಅಣೆಕಟ್ಟಿನ ಎಂಜಿನಿಯರುಗಳು ಬಂದು ಇಳಿಯಲಿ ಎಂದೇ ಕಟ್ಟಿಸಿದ್ದು. ಬೇಕು ಪಕ್ಷದ ಮುಖಂಡರು ಅವರೇ. ಅವರ ಮೀಸೆ ಮೂಗಿನ ಕೆಳಗೆ ಎರಡು ಬೆಕ್ಕುಗಳು ಬೆನ್ನು ತಿರುಗಿಸಿ ಮಲಗಿದಂತಿತ್ತು.

"ಎಷ್ಟು ತಲೆ ಬರ್ತವೆ ಗೊತ್ತೇನಯ್ಯಾ ಊರಿಗೆ?" ಕಣ್ಣಿನ ತನಕ ನೊರೆ ಹಚ್ಚಿಸಿಕೊಂಡ ಓನರು ಹೇಳಿದರು. "ಎಂಜಿನಿಯರು, ಮೇಸ್ತ್ರಿ, ಕೂಲಿ, ಡ್ರೈವರು. ಅಷ್ಟೂ ಕೂದಲಿರೋ ತಲೆ. ನಿನಗೇ ಲಾಭ."

"ಹೌದು."

"ಅದಕ್ಕೇ ಸಂಜೆ ಸಭೇಲಿ ನನ್ನದಾದ ಮೇಲೆ ನೀನು ಮಾತಾಡ್ಬೇಕು. ಹೆಸರು ಕೊಟ್ಟಾಗಿದೆ."

"ಹೌದು," ಎಂದ ಹೌದಪ್ಪ. ಅಂದ ಮೇಲೆ ಅವನ ಕೈ ನಿಂತಿತು. ಹೋದ ವಾರ ಇದೇ ಕುರ್ಚಿಯಲ್ಲಿ ಕೂತಿದ್ದವರು ಅವನ ಮಾವ, ಕಣಿವೆಯವರು, ಬೇಡ ಪಕ್ಷದ ಮುಖಂಡರು. "ಅಳಿಯಂದಿರೇ, ಸಭೇಲಿ ನಮ್ಮ ಪರ ನಾಲ್ಕು ಮಾತಾಡ್ತೀರಲ್ಲ?" ಎಂದು ಅವರೂ ಕೇಳಿದ್ದರು. ಅವನು ಅವರ ಕಿವಿಯ ಹಿಂದೆ ಕತ್ತರಿ ಆಡಿಸುತ್ತ ಏನಂದಿದ್ದನೆಂದು ಬೇರೆ ಹೇಳಬೇಕಾಗಿಲ್ಲ.

ಪರದೆಯಾಚೆ ಒಂದು ಪಾತ್ರೆ ಜೋರಾಗಿ ನೆಲಕ್ಕೆ ಬಿತ್ತು. ಹೆಂಡತಿ ಕೇಳಿಸಿಕೊಂಡಿದ್ದಳು.

ಅದೇ ಹೊತ್ತಿಗೆ ಮುಂಬಾಗಿಲಿನಿಂದ ಮಾವ ಒಳಗೆ ಬಂದರು. ಹಿಂದೆ ಅತ್ತೆ.

"ಅಳಿಯಂದಿರೇ, ಭಾಷಣ ರೆಡಿ ತಾನೆ? ಇವತ್ತು ಆ ಲಾಡ್ಜಿನ ಮೀಸೇನ ನೆಲಕ್ಕೆ ತಾಗಿಸ್ಬೇಕು! ನಮ್ಮನ್ನು ಮುಳುಗಿಸಿ ತಾನು ತೇಲೋಕೆ ಹೊರಟಿದಾನೆ." ನೊರೆಯೊಳಗಿನ ಮುಖ ಯಾರದೆಂದು ಅವರಿಗೆ ತಿಳಿಯಲಿಲ್ಲ. ಅದರ ಹೆಗಲು ತಟ್ಟಿ, "ಏನ್ ಸ್ವಾಮಿ, ನೀವೇ ಹೇಳಿ, ಆ ಮನುಷ್ಯನ ಮುಖದಲ್ಲಿ ಮೀಸೆ ಬಿಟ್ರೆ ಬೇರೆ ಏನಾದ್ರೂ ಇದೆಯಾ?" ಎಂದರು.

"ಏನಂದೆ?" ಎಂದು ನೊರೆ ಗುಡುಗಿತು. ಮುಖ ಸರಕ್ಕನೆ ತಿರುಗಿತು. ರೇಜರ್ ಇದ್ದಲ್ಲೇ ಇತ್ತು.

ಎಡಗಡೆಯ ಬೆಕ್ಕು ಟವಲಿನ ಮೇಲೆ ಬಿತ್ತು.

ಕನ್ನಡಿಯೊಳಗೆ ನಾಲ್ಕು ಮುಖಗಳು ಒಂದೂವರೆ ಇಂಚು ಜಾಗವನ್ನೇ ನೋಡುತ್ತಿದ್ದವು. ಮುಖದ ಮೇಲೆ ಅಷ್ಟು ಸಣ್ಣ ಜಾಗ ಅಷ್ಟು ದೊಡ್ಡ ಬಯಲಾಗಿ ಕಾಣಬಹುದೆಂದು ಹೌದಪ್ಪನಿಗೆ ಇಷ್ಟು ವರ್ಷದ ಕಸುಬಿನಲ್ಲಿ ಹೊಳೆದಿರಲಿಲ್ಲ.

"ಸ್ವಾಮಿ... ಇನ್ನೊಂದು ಕಡೆದೂ ತೆಗೆದುಬಿಡಲಾ?" ಎಂದ ಮೆಲ್ಲಗೆ.

"ಮುಟ್ಟಿದ್ರೆ ಕೈ ಮುರೀತೀನಿ!"

ಗಲಾಟೆ ಕೇಳಿ ಪಕ್ಕದಂಗಡಿಯ ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಓಡಿಬಂದ. ಕರೆಯದಿದ್ದರೂ ಬರುವುದು, ಕೇಳದಿದ್ದರೂ ಹೇಳುವುದು ಅವನ ಉಪಕಸುಬು. ಮೀಸೆಯನ್ನು ಬಟ್ಟೆ ನೋಡುವಂತೆ ನೋಡಿ, "ಇದೇನು ದೊಡ್ಡ ವಿಷ್ಯ ಅಲ್ಲ. ನನ್ನ ಹತ್ರ ಕೋಟಿನ ಕಾಲರ್‌ದು ಕಪ್ಪು ತುಪ್ಪಳ ಇದೆ. ಅಳತೆ ಕೊಟ್ರೆ ಅಂಟಿಸಿಕೊಡ್ತೀನಿ. ಆ ಕಡೆಗೂ ಈ ಕಡೆಗೂ ಅಮ್ಮನಾಣೆ ವ್ಯತ್ಯಾಸ ಗೊತ್ತಾಗಲ್ಲ," ಎಂದ.

ಓನರು ಅವನ ಹಿಂದೆ ಹೊರಟರು. ಬಾಗಿಲಲ್ಲಿ ತಿರುಗಿ, ಅಂಗೈಯಿಂದ ಬಯಲು ಮುಚ್ಚಿಕೊಂಡು ಹೇಳಿದರು: "ಸಂಜೆ ನನ್ನ ಪರ ಮಾತಾಡಿದ್ರೆ ಇದನ್ನ ಮರೀತೀನಿ. ಇಲ್ಲಾಂದ್ರೆ ಇವತ್ತೇ ಶಟರ್ ಎಳೆದು ಬೀಗದಕೈ ತಂದು ಕೊಡು."

ಅವರು ಅತ್ತ ಹೋದದ್ದೇ ತಡ, ಪರದೆ ಸರಿಯಿತು.

"ರೀ, ಅವರ ಪರ ಒಂದೇ ಒಂದು ಮಾತು ಬಾಯಿಂದ ಬಂದ್ರೆ ನಾನು ಅಪ್ಪನ ಜೊತೆ ತವರಿಗೆ ಹೋಗ್ತೀನಿ. ಮುಳುಗೋದಾದ್ರೆ ಅಲ್ಲೇ ಮುಳುಗ್ತೀನಿ."

"ಅಯ್ಯೋ, ಹಾಗೆಲ್ಲ ಅನ್ಬೇಡ್ವೇ," ಎಂದರು ಅತ್ತೆ. ಅವರ ದನಿಯಲ್ಲಿ ಗಾಬರಿ ಸ್ವಲ್ಪ ಹೆಚ್ಚೇ ಇತ್ತು. ಮಗಳ ಮೇಲಿನ ಮಮತೆ ಎಂದುಕೊಂಡ ಹೌದಪ್ಪ.

ಮಾತಾಡಿದರೆ ಹೆಂಡತಿ ಇಲ್ಲ. ಮಾತಾಡದಿದ್ದರೆ ಅಂಗಡಿ ಇಲ್ಲ. ಅತ್ತ ದರಿ, ಇತ್ತ ಪುಲಿ. ಇವನ ಕೈಯಲ್ಲೋ ಬರೀ ಬಾಚಣಿಗೆ. ಮೀಸೆ ಅಂಟಿಸಿ ಮುಗಿಸಿದ ದರ್ಜಿಯ ಬಳಿಗೇ ಹೋಗಿ ತೋಡಿಕೊಂಡ.

"ಸುಲಭ ಕಣಣ್ಣಾ," ಎಂದ ದರ್ಜಿ. "ಗಂಟಲು ಕಟ್ಟಿದೆ, ದನೀನೇ ಏಳ್ತಿಲ್ಲ ಅನ್ನು. ಯಾರು ಏನು ಮಾಡೋಕಾಗುತ್ತೆ? ಮಫ್ಲರ್ ನಾನು ಕೊಡ್ತೀನಿ."

ಮಫ್ಲರ್ ಕೊಟ್ಟು ಸುಮ್ಮನಿದ್ದಿದ್ದರೆ ದರ್ಜಿ ದರ್ಜಿಯಾಗಿರುತ್ತಿರಲಿಲ್ಲ. ಹೌದಪ್ಪನ ಗಂಟಲು ಹೋಯಿತಂತೆ ಎಂಬ ಸುದ್ದಿ ಬೀದಿಯ ಎರಡು ತುದಿಗೂ ಒಟ್ಟಿಗೇ ತಲುಪಿತು. ಬೇಕಿನವರು ಬಿಸಿನೀರು, ಉಪ್ಪು ಹಿಡಿದು ಬಂದರು. ಬೇಡದವರು ಕಷಾಯ ತಂದರು. ಒಬ್ಬರು ಬಾಯಿ ತೆರೆಸಿದರೆ ಇನ್ನೊಬ್ಬರು ಟಾರ್ಚು ಬಿಟ್ಟರು. ಬೇಕಿನ ಕಡೆಯ ಔಷಧಿ ಅಂಗಡಿಯವನು ಬೇಡದವರ ಕಷಾಯ ಮೂಸಿ, "ಇದನ್ನ ಕುಡಿದ್ರೆ ಮನುಷ್ಯ ಶಾಶ್ವತವಾಗಿ ಸುಮ್ಮನಾಗ್ತಾನೆ," ಎಂದು ತನ್ನ ಸಿರಪ್ ಹೊಯ್ದ. ಬೇಡದವರು ಸೋಲಲಾರದೆ ಎರಡು ಲೋಟ ಕಷಾಯ ಹೆಚ್ಚಿಗೆ ಕುಡಿಸಿದರು. ಅಣೆಕಟ್ಟಿನ ವಿಷಯದಲ್ಲಿ ಎಂದೂ ಒಂದಾಗದಿದ್ದ ಊರು ಹೌದಪ್ಪನ ಗಂಟಲಿನ ವಿಷಯದಲ್ಲಿ ಒಂದಾಗಿತ್ತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಇಲ್ಲದ ರೋಗ ವಾಸಿಯಾಗಿ, ಹುಟ್ಟಿದಾಗಿನಿಂದ ಇಲ್ಲದಷ್ಟು ಸ್ವಚ್ಛವಾದ ದನಿ ಅವನಿಗೆ ಬಂದಿತ್ತು.

ಸಭೆ ನಡೆದದ್ದು ಶಾಲೆಯ ಸಭಾಂಗಣದಲ್ಲಿ. ಬಲಕ್ಕೆ ಬೇಕು, ಎಡಕ್ಕೆ ಬೇಡ, ನಡುವೆ ಒಬ್ಬರೇ ನಡೆಯುವಷ್ಟು ದಾರಿ. ವೇದಿಕೆಯ ಮೇಲೆ ಅಧಿಕಾರಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ಎಷ್ಟೋ ಊರುಗಳ ಕೂಗು ಕೇಳಿ ಕೇಳಿ ಅವರ ಕಿವಿಗಳೇ ಸವೆದಂತಿದ್ದವು.

ಮೊದಲು ಓನರು ಎದ್ದರು. ದರ್ಜಿಯ ಮಾತು ಸುಳ್ಳಾಗಿರಲಿಲ್ಲ. ಮೀಸೆ ಒಂದೇ ಜೀವದಂತೆ ಕಾಣುತ್ತಿತ್ತು. "ಬೆಳಕು! ಮನೆ ಮನೆಗೂ ಬೆಳಕು! ಕಾರ್ಖಾನೆಗೆ ಶಕ್ತಿ! ನಮ್ಮ ಮಕ್ಕಳಿಗೆ ಕೆಲಸ!" ಎಂದು ಕೂಗುತ್ತ ಹೋದಂತೆ ಮೇಲ್ತುಟಿ ಬೆವರಿತು. ಮೂರನೆಯ ಸಲ 'ಬೆಳಕು' ಎಂದಾಗ ಎಡಮೀಸೆ ಸಡಿಲವಾಗಿ ಓಲಾಡಿತು. ಗಂಟಲು ಒಣಗಿತೆಂದು ಅವರು ನೀರಿನ ಲೋಟ ಎತ್ತಿದರು. ಕೆಳಗಿಟ್ಟಾಗ ಮೀಸೆ ಲೋಟದಲ್ಲಿ ಈಜುತ್ತಿತ್ತು.

"ಮೊದಲ ಮುಳುಗಡೆ!" ಎಂದು ಎಡಗಡೆಯಿಂದ ಯಾರೋ ಕೂಗಿದರು. ಇಡೀ ಸಭೆ ಉರುಳಿ ಉರುಳಿ ನಕ್ಕಿತು. ಓನರು ಅಂಗೈ ಅಡ್ಡ ಹಿಡಿದು ಕೂತರು. ಅವರ ಕಣ್ಣು ಹೌದಪ್ಪನನ್ನು ಹುಡುಕಿ ಹಿಡಿದು, ಬಿಡಲಿಲ್ಲ.

ಆಮೇಲೆ ಮಾವ. "ನನ್ನ ಮುತ್ತಾತ ಕಟ್ಟಿದ ಮನೆ," ಎಂದು ಶುರುಮಾಡಿದರು. "ಆ ಬಾಗಿಲು ಅವನ ಕೈಯಿಂದ ಆದದ್ದು. ಆ ಹೊಸ್ತಿಲ ಮೇಲೆ ನಾನು ಅಂಬೆಗಾಲಿಟ್ಟಿದೀನಿ. ನೀರು ಬರಲಿ, ಸೈನ್ಯ ಬರಲಿ, ಆ ಹೊಸ್ತಿಲು ಬಿಟ್ಟು ನಾನು ಏಳೋದಿಲ್ಲ!" ಕಣ್ಣೊರೆಸಿಕೊಂಡರು. ಎಡಗಡೆ ಪೂರ್ತಿ ಅತ್ತಿತು. ಬಲಗಡೆಯಲ್ಲೂ ಒಂದಿಬ್ಬರು ಮೂಗು ಸೀಟಿದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿದಳು. ಅತ್ತೆ ಮಾತ್ರ ನೆಲ ನೋಡುತ್ತಿದ್ದರು.

"ಮುಂದೆ, ಕ್ಷೌರದಂಗಡಿಯವರು," ಎಂದರು ಅಧಿಕಾರಿ.

ಎರಡೂ ಕಡೆಯಿಂದ ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರು ಅರ್ಧದಲ್ಲೇ ನಿಲ್ಲಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು.

ಹೌದಪ್ಪ ಮೈಕಿನ ಮುಂದೆ ಬಂದು ನಿಂತ. ಊರಿನ ಜನ ಅವನಿಗೆ ಗೊತ್ತಿದ್ದದ್ದು ಹಿಂದಿನಿಂದ. ಯಾರ ನೆತ್ತಿಯಲ್ಲಿ ಎರಡು ಸುಳಿ, ಯಾರ ಕಿವಿಯ ಹಿಂದೆ ಚಿಕ್ಕಂದಿನ ಗಾಯ, ಯಾರ ಕತ್ತು ಬ್ಲೇಡು ಕಂಡರೆ ನಡುಗುತ್ತದೆ, ಎಲ್ಲ ಗೊತ್ತು. ಆದರೆ ಇಷ್ಟೂ ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿದ್ದನ್ನು ಅವನು ನೋಡಿರಲಿಲ್ಲ. ಬಲಗಡೆಯ ತಲೆಗೂ ಎಡಗಡೆಯ ತಲೆಗೂ ಒಂದೇ ಕಟಿಂಗು. ತಾನೇ ಮಾಡಿದ್ದು. ಅಣೆಕಟ್ಟು ಬೇಕೋ ಬೇಡವೋ? ಯಾರೋ ಹೇಳಿದ್ದಕ್ಕೆ ಹೌದು ಅನ್ನುವುದನ್ನು ಬಿಟ್ಟು ತನಗೆ ಏನನ್ನಿಸುತ್ತದೆ ಎಂದು ಅವನು ತನ್ನೊಳಗೆ ಹುಡುಕಿದ. ಅಲ್ಲಿ, ಬಹಳ ದಿನದಿಂದ ಯಾರೂ ಇರದ ಕೋಣೆಯಲ್ಲಿರುವಂಥ ಮೌನ ಇತ್ತು. ಅದಕ್ಕೆ ಅವನು ಸ್ವಲ್ಪ ಹೆದರಿದ.

ಫ್ಯಾನು ಕಿರುಗುಟ್ಟುತ್ತಿತ್ತು. ಯಾರೋ ಕೆಮ್ಮಿದರು. ಹೌದಪ್ಪ ಬಾಯಿ ತೆರೆದ. ಎಡಗಡೆ ಹೆಂಡತಿ ಕಂಡಳು. ಬಾಯಿ ಮುಚ್ಚಿದ. ಮತ್ತೆ ತೆರೆದ. ಬಲಗಡೆ ಅರ್ಧ ಮೀಸೆ ಕಂಡಿತು. ಮತ್ತೆ ಮುಚ್ಚಿದ. ದಡಕ್ಕೆ ಬಿದ್ದ ಮೀನು ಹೀಗೇ ಮಾಡುತ್ತದೆ. ಕೊನೆಗೆ ಮಫ್ಲರಿನ ತುದಿಯಿಂದ ಮುಖ ಒರೆಸಿಕೊಂಡು, ಕೈಮುಗಿದು, ಕೆಳಗಿಳಿದ.

"ದುಃಖಕ್ಕೆ ಮಾತೇ ಹೊರಡಲಿಲ್ಲ ಪಾಪ!" ಎಂದು ಬೇಡದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ದುಃಖ ಎಲ್ಲಿಂದ ಬಂತು? ವಿರೋಧ ಇದ್ದಿದ್ರೆ ಕಿರುಚ್ತಿರಲಿಲ್ವಾ? ನಮ್ಮವನೇ!" ಎಂದು ಬೇಕಿನವರು ಇನ್ನೂ ಜೋರಾಗಿ ತಟ್ಟಿದರು.

ಓನರ ಮುಖ ಸಡಿಲಾಯಿತು. ಹೆಂಡತಿ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ಎತ್ತಿ ಅವನಿಗೆ ಜಾಗ ಮಾಡಿಕೊಟ್ಟಳು. ಕೂತ ಹೌದಪ್ಪನಿಗೆ ಬೆಳಗ್ಗಿನಿಂದ ಮೊದಲ ಬಾರಿ ಉಸಿರು ಹೊಟ್ಟೆಯ ತನಕ ಇಳಿಯಿತು. ಅಂಗಡಿಯೂ ಉಳಿಯಿತು, ಹೆಂಡತಿಯೂ ಉಳಿದಳು.

ಆಗ ಅಧಿಕಾರಿ ಎದ್ದು ಮೈಕು ಸರಿಮಾಡಿಕೊಂಡರು.

"ಎಲ್ಲರೂ ಚೆನ್ನಾಗಿ ಮಾತಾಡಿದ್ರಿ. ಈಗ ಒಂದು ವಿಷಯ. ನದಿಯ ಕೆಳಗಿನ ಬಂಡೆ ಪೊಳ್ಳು, ಅಷ್ಟು ಭಾರ ತಾಳಲ್ಲ ಅಂತ ಹೋದ ತಿಂಗಳೇ ಗೊತ್ತಾಗಿದೆ. ಅಣೆಕಟ್ಟನ್ನ ಇಲ್ಲಿ ಕೈಬಿಟ್ಟಿದ್ದಾರೆ."

"ಮತ್ತೆ ಈ ಸಭೆ ಯಾಕೆ ಸ್ವಾಮಿ?" ಎಂದ ದರ್ಜಿ.

"ಸಭೆ ಇದೆ ಅಂತ ಪ್ರಕಟಣೆ ಆಗಿತ್ತಲ್ಲ. ಪ್ರಕಟಣೆ ಆದ್ಮೇಲೆ ನಡೀಲೇಬೇಕು, ನಿಯಮ," ಎಂದು ಅಧಿಕಾರಿ ಕನ್ನಡಕ ಕಿಸೆಗಿಟ್ಟುಕೊಂಡು ಹೊರಟೇಬಿಟ್ಟರು.

ಬೇಡದವರು ಹೋ ಎಂದು ಕುಣಿದರು. ಬೇಕಿನವರು ತಲೆಮೇಲೆ ಕೈಹೊತ್ತರು. ಹೆಂಡತಿ ಸಂತೋಷದಿಂದ ಅಪ್ಪನ ಕಡೆ ತಿರುಗಿದಳು. ಗೆದ್ದ ಮುಖಂಡರು ಬೆಳ್ಳಗೆ ಬಿಳಿಚಿ ಕುರ್ಚಿಯಲ್ಲಿ ಕುಸಿದಿದ್ದರು.

"ಅಪ್ಪಾ! ಏನಾಯ್ತು? ಮನೆ ಉಳೀತಲ್ಲಪ್ಪಾ!"

"ಯಾವ ಮನೆ?" ಎಂದರು ಅತ್ತೆ. ಬೆಳಗ್ಗಿನಿಂದ ತುಂಬಿಕೊಂಡಿದ್ದದ್ದು ಕಟ್ಟೆ ಒಡೆಯಿತು. "ನೀರಿನಡಿ ಹೋದ್ರೆ ಯಾರಿಗೆ ಉಪಯೋಗ ಅಂತ ಬಾಗಿಲು, ಕಿಟಕಿ, ಹೆಂಚು, ತೊಲೆ ಎಲ್ಲಾ ಕಿತ್ತು ಮಾರಿಬಿಟ್ರಲ್ಲೇ ಈ ಮಹಾರಾಯರು! ಹದಿನೈದು ದಿನದಿಂದ ತಾಡಪಾಲಿನಡಿ ಮಲಗ್ತಿದೀವಿ."

"ಹೊಸ್ತಿಲು?" ಎಂದಳು ಮಗಳು.

"ಅದನ್ನೇ ಮೊದಲು ಕೊಂಡುಹೋದ್ರು. ಒಳ್ಳೇ ಮರ ಅಂತೆ."

"ಬೇಡ ಬೇಡ ಅಂದಷ್ಟೂ ಸರ್ಕಾರ ಪರಿಹಾರಕ್ಕೆ ದೊಡ್ಡ ಮನೆ ಕೊಡುತ್ತೆ ಅಂತ ಎಲ್ರೂ ಹೇಳಿದ್ರು," ಎಂದು ಮಾವ ಗೊಣಗಿದರು. "ಬೇಡ ಅಂದ್ರೆ ನಿಜವಾಗ್ಲೂ ಬಿಟ್ಟುಬಿಡ್ತಾರೆ ಅಂತ ಯಾರಿಗೆ ಗೊತ್ತಿತ್ತು?" ಆಮೇಲೆ ಇದ್ದಕ್ಕಿದ್ದಂತೆ ಅಳಿಯನ ಕಡೆ ತಿರುಗಿ, "ಇನ್ನು ನೀವೇ ಗತಿ ಅಳಿಯಂದಿರೇ," ಎಂದರು.

ತವರಿಗೆ ಹೋಗುತ್ತೇನೆ ಎಂದವಳು ಹೋಗಲಿಲ್ಲ, ನಿಜ. ತವರೇ ಎದ್ದು ಬರುತ್ತಿತ್ತು.

"ನಮ್ಮದು ಒಂದೇ ಕೋಣೆ ಅಲ್ವೇನಪ್ಪಾ, ಎಲ್ಲಿ ಮಲಗಿಸೋದು?" ಎಂದಳು ಹೆಂಡತಿ ಕಣ್ಣೊರೆಸಿಕೊಂಡು.

"ಅದಕ್ಕೆ ಯಾಕಮ್ಮಾ ಯೋಚನೆ?" ಎಂಬ ದನಿ ಬೆನ್ನ ಹಿಂದಿನಿಂದ ಬಂತು. ಓನರು. ಅಂಗೈ ಮೀಸೆಯಿಂದ ಇಳಿದಿತ್ತು. ಮುಖದಲ್ಲಿ ಈಗಷ್ಟೇ ಹುಟ್ಟಿದ ನಗು. "ಮೇಲೆ ಅಷ್ಟೊಂದು ರೂಮು ಖಾಲಿ ಬಿದ್ದಿದೆ. ಹೊಸ ಹಾಸಿಗೆ, ನಲ್ಲೀಲಿ ಬಿಸಿನೀರು. ಇವತ್ತು ರಾತ್ರಿಯಿಂದಲೇ ಇರ್ಲಿ. ಹಿರಿಯರು, ಅವರ ಹತ್ರ ಬಾಡಿಗೆ ಕೇಳೋಕಾಗುತ್ತಾ? ಅಳಿಯ ಕೆಳಗೇ ಇದಾನಲ್ಲ, ಅಂಗಡಿ ಬಾಡಿಗೆ ಜೊತೆ ಸೇರಿಸಿ ಕೊಡ್ತಾನೆ."

"ದೊಡ್ಡ ಮನಸ್ಸು ಸ್ವಾಮಿ ನಿಮ್ಮದು," ಎಂದರು ಮಾವ. ಬೆಳಗ್ಗಿನ ಎರಡು ವೈರಿಗಳು ಕೈ ಕುಲುಕಿದರು. ಹೌದಪ್ಪ ಮಧ್ಯದಲ್ಲಿ ಕೂತಿದ್ದರಿಂದ ಕೈಗಳು ಅವನ ತಲೆಯ ಮೇಲಿನಿಂದ ಹಾದುಹೋದವು.

"ಏನಯ್ಯಾ, ಒಪ್ಪಿಗೆ ತಾನೆ?" ಎಂದರು ಓನರು.

ಹೌದಪ್ಪ ಬಾಯಿ ತೆರೆದ. ಅಷ್ಟೊಂದು ಕಷಾಯ ಕುಡಿದು ಗಳಿಸಿದ ಸ್ವಚ್ಛ ದನಿ ಗಂಟಲಲ್ಲಿ ಸಿದ್ಧವಾಗಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ 'ಇಲ್ಲ' ಅನ್ನಬೇಕು. ಆ ಪದ ಬಾಯಲ್ಲಿ ಹೇಗೆ ರೂಪುಗೊಳ್ಳುತ್ತದೆ, ನಾಲಿಗೆ ಎಲ್ಲಿಡಬೇಕು ಎಂದು ಅವನು ಹುಡುಕುತ್ತಿರುವಷ್ಟರಲ್ಲೇ ಹೆಂಡತಿ ಪ್ರೀತಿಯಿಂದ ಅವನ ಮಫ್ಲರ್ ಸರಿಮಾಡಿದಳು.

"ಅವರನ್ನೇನು ಕೇಳ್ತೀರಿ ಬಿಡಿ ಸ್ವಾಮಿ," ಎಂದಳು. "ಮೌನ ಅಂದ್ರೆ ಸಮ್ಮತಿ ಅಂತಾನೇ ಅರ್ಥ."